‘ಸಾಲಿಡ್ ಏರ್’ ನುಡಿಸಲು ಹೊರಟವರ ತಾಳ ತಪ್ಪಿದ್ದೆಲ್ಲಿ: ಒಂದು ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಉತ್ತರ ಭಾಗದ ಒಂದು ಪಟ್ಟಣ. ಪಬ್ಬಿನ ಮಹಡಿಯಲ್ಲಿ ಅರವತ್ತು ಕುರ್ಚಿ ಹಿಡಿಸುವ ಕೋಣೆ, ಅಲ್ಲಿ ತಿಂಗಳಿಗೊಮ್ಮೆ ಸೇರುವ ಫೋಕ್ ಕ್ಲಬ್. ವರ್ಷಕ್ಕೊಂದು ಸಂಜೆ ಹಳೆಯ ಆಲ್ಬಮ್ ಒಂದನ್ನು ಮೊದಲ ಹಾಡಿನಿಂದ ಕೊನೆಯದರವರೆಗೆ ಅದೇ ಕ್ರಮದಲ್ಲಿ ನುಡಿಸುವುದು ಅಲ್ಲಿನ ರೂಢಿ. ಈ ಸಲ ಆರಿಸಿಕೊಂಡದ್ದು ಬ್ರಿಟಿಷ್ ಹಾಡುಗಾರ, ಗಿಟಾರ್ ವಾದಕ ಜಾನ್ ಮಾರ್ಟಿನ್ ಅವರ ‘ಸಾಲಿಡ್ ಏರ್’. ತಯಾರಿಗೆ ಇದ್ದದ್ದು ಎಂಟು ವಾರ. ಊರು, ಕ್ಲಬ್ಬು, ವಾದಕರು ಯಾರೆಂಬ ಗುರುತುಗಳನ್ನೆಲ್ಲ ತೆಗೆದು ನಡೆದದ್ದನ್ನಷ್ಟೇ ಇಲ್ಲಿಟ್ಟಿದ್ದೇವೆ.

ಪಿಟೀಲಿನವರು, ಮೃದಂಗದವರು ಎನ್ನುವ ಹಾಗೆ ಇವರನ್ನು ಗಿಟಾರಿನವರು, ಬೇಸಿನವರು ಎಂದು ಕರೆಯೋಣ. ಗಿಟಾರಿನವರು ಹಾಡುವವರೂ ಹೌದು. ಬೆರಳಲ್ಲಿ ಮೀಟುವ ಫೋಕ್ ಶೈಲಿಯಲ್ಲಿ ಇಪ್ಪತ್ತು ವರ್ಷ ಪಳಗಿದ ಕೈ, ಈ ಆಲ್ಬಮ್ಮಿನ ಒಂದೊಂದು ಗೆರೆಯೂ ಬಾಯಿಪಾಠ. ಬೇಸಿನವರು ಜಾಝ್‌ನಿಂದ ಬಂದವರು, ನುಡಿಸುವುದು ನಿಂತು ಮೀಟುವ ಡಬಲ್ ಬೇಸ್. ಆಲ್ಬಮ್ಮಿನ ಹೆಸರು ಕೇಳಿದ್ದರೇ ಹೊರತು ಕೂತು ಕೇಳಿದವರಲ್ಲ. ಇದೇ ಮುಂದೆ ಉಪಕಾರಕ್ಕೆ ಬಂತು. ಇವರಿಬ್ಬರ ಜತೆಗೆ ಕೀಬೋರ್ಡಿನವರೊಬ್ಬರು, ಒಂದು ಹಾಡಿಗೆ ಮಾತ್ರ ಮ್ಯಾಂಡೊಲಿನ್ನಿನವರು. ಡ್ರಮ್ಸ್ ಇರಲಿಲ್ಲ, ಕೆಳಗಿನ ಪಬ್ಬಿನವರು ಒಪ್ಪುತ್ತಿರಲಿಲ್ಲ.

ಆಲ್ಬಮ್ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1973ರ ಫೆಬ್ರವರಿಯಲ್ಲಿ ಐಲಂಡ್ ರೆಕಾರ್ಡ್ಸ್ ಹೊರತಂದ ಎಲ್‌ಪಿ ಇದು. ಒಂಬತ್ತು ಹಾಡು, ಸುಮಾರು 35 ನಿಮಿಷ. ಧ್ವನಿಮುದ್ರಣವಾದದ್ದು ಲಂಡನ್ನಿನ ಬೇಸಿಂಗ್ ಸ್ಟ್ರೀಟ್ ಮತ್ತು ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊಗಳಲ್ಲಿ. ನಿರ್ಮಾಪಕರು ಮಾರ್ಟಿನ್ ಮತ್ತು ಜಾನ್ ವುಡ್. ಶೀರ್ಷಿಕೆ ಹಾಡನ್ನು ಮಾರ್ಟಿನ್ ಬರೆದದ್ದು ಗೆಳೆಯ, ಹಾಡುಗಾರ ನಿಕ್ ಡ್ರೇಕ್ ಅವರಿಗಾಗಿ. ಡ್ರೇಕ್ ಮರುವರ್ಷ ನವೆಂಬರಿನಲ್ಲಿ ತೀರಿಕೊಂಡರು. ಮಾರಾಟದ ಪಟ್ಟಿಗಳ ತುದಿ ಮುಟ್ಟಿ ಹೆಸರು ಮಾಡಿದ ಆಲ್ಬಮ್ ಅಲ್ಲ ಇದು. ಕೇಳಿದವರು ಕೇಳದವರ ಕೈಗಿಟ್ಟು ಕೇಳಿಸಿ ಉಳಿಸಿಕೊಂಡದ್ದು.

ಹೊದಿಕೆಯ ಮೇಲಿನ ವಾದಕರ ಪಟ್ಟಿ ನೋಡಿದರೆ ಆ ಕಾಲದ ಬ್ರಿಟಿಷ್ ಫೋಕ್ ಬಳಗದ ಅರ್ಧ ಮಂದಿ ಅಲ್ಲಿದ್ದಾರೆ. ಡಬಲ್ ಬೇಸ್‌ಗೆ ಪೆಂಟಾಂಗಲ್ ತಂಡದ ಡ್ಯಾನಿ ಥಾಂಪ್ಸನ್. ಫೇರ್‌ಪೋರ್ಟ್ ಕನ್ವೆನ್ಷನ್ ಕಡೆಯಿಂದ ಡೇವ್ ಪೆಗ್, ಡೇವ್ ಮ್ಯಾಟಕ್ಸ್, ಸೈಮನ್ ನಿಕೋಲ್, ರಿಚರ್ಡ್ ಥಾಂಪ್ಸನ್. ಇಬ್ಬರು ಥಾಂಪ್ಸನ್ನರಿಗೂ ನೆಂಟಸ್ತಿಕೆ ಏನಿಲ್ಲ. ಪಿಟೀಲಿಗೆ ಸ್ಯೂ ಡ್ರಾಹೈಮ್, ಪಿಯಾನೊ ಮತ್ತು ಆರ್ಗನ್ನಿಗೆ ಜಾನ್ ‘ರ‍್ಯಾಬಿಟ್’ ಬಂಡ್ರಿಕ್, ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಾಫೋನಿಗೆ ಟ್ರಿಸ್ಟನ್ ಫ್ರೈ, ಸ್ಯಾಕ್ಸೊಫೋನಿಗೆ ಟೋನಿ ಕೋ. ಇಷ್ಟು ಜನರಿದ್ದೂ ಆಲ್ಬಮ್ ಕಿವಿಗೆ ಖಾಲಿಖಾಲಿಯಾಗಿ, ಉಸಿರಾಡುವ ಹಾಗೆ ಕೇಳುತ್ತದೆ. ನುಡಿಸಹೊರಟವರು ಮೊದಲು ಎಡವುವುದೇ ಇಲ್ಲಿ.

ಎಡವಿದ ಹಾಡು

ಒಂಬತ್ತರಲ್ಲಿ ಎಂಟು ಹಾಡು ಮೂರನೇ ವಾರದ ಹೊತ್ತಿಗೆ ಒಂದು ರೂಪಕ್ಕೆ ಬಂದಿದ್ದವು. ‘ಓವರ್ ದ ಹಿಲ್’ಗೆ ಮ್ಯಾಂಡೊಲಿನ್ ಸಾಕಾಯಿತು. ‘ಮೇ ಯು ನೆವರ್’ ಮೂಲದಲ್ಲೇ ಒಂಟಿ ಗಿಟಾರು, ಒಂಟಿ ದನಿ. ಅಲ್ಲಿ ಚರ್ಚೆಯೇ ಇಲ್ಲ. ಶೀರ್ಷಿಕೆ ಹಾಡಿನಲ್ಲಿ ಕೀಬೋರ್ಡಿನವರು ವೈಬ್ರಾಫೋನ್ ದನಿಯಲ್ಲಿ ಎರಡೂ ಕೈ ತುಂಬ ಸ್ವರ ಹಿಡಿಯುತ್ತಿದ್ದರು. ಎಡಗೈ ಬಿಡಿಸಿ ಬಲಗೈಗೆ ಎರಡೇ ಸ್ವರ ಉಳಿಸಿದ ಮೇಲೆ ಹಾಡು ನಿಂತಿತು. ಮಾರ್ಟಿನ್ ಪದಗಳನ್ನು ಮೆದ್ದು ಎಳೆದು ಹಾಡುವ ರೀತಿಯನ್ನು ಗಿಟಾರಿನವರು ಅನುಕರಿಸಹೋಗಿ, ಸಾಹಿತ್ಯ ಒಂದಕ್ಷರವೂ ಕೇಳಿಸುವುದಿಲ್ಲ ಎಂದು ಉಳಿದವರು ಹೇಳಿದ ಮೇಲೆ ಕೈಬಿಟ್ಟರು.

ಉಳಿದದ್ದು ‘ಐಡ್ ರಾದರ್ ಬಿ ದ ಡೆವಿಲ್’. ಮಿಸಿಸಿಪಿಯ ಸ್ಕಿಪ್ ಜೇಮ್ಸ್ 1931ರಲ್ಲಿ ಒಂದೇ ಗಿಟಾರ್ ಇಟ್ಟುಕೊಂಡು ಹಾಡಿದ್ದ ಬ್ಲೂಸ್ ಅನ್ನು ಮಾರ್ಟಿನ್ ಎಕೋಪ್ಲೆಕ್ಸ್ ಎಂಬ ಟೇಪ್ ಎಕೋ ಯಂತ್ರದ ಮೇಲೆ ಹರಿಯಬಿಟ್ಟ ರೂಪ ಇದು. ಮೊದಲರ್ಧ ಬಿಗಿಯಾದ ಓಟ, ಕೊನೆಗೆ ತಾಳವೇ ಕರಗಿ ಬರೀ ನಾದ.

ಯಂತ್ರದ ಕೆಲಸ ಸರಳ. ಕಾಲು ಇಂಚು ಅಗಲದ ಟೇಪು ಪೆಟ್ಟಿಗೆಯೊಳಗೆ ಕೊನೆಯಿಲ್ಲದೆ ಸುತ್ತುತ್ತಿರುತ್ತದೆ. ಒಂದು ಹೆಡ್ ಸ್ವರವನ್ನು ಟೇಪಿಗೆ ಬರೆಯುತ್ತದೆ, ಇನ್ನೊಂದು ಅದನ್ನು ಓದುತ್ತದೆ. ಎರಡರ ನಡುವಿನ ದೂರವೇ ಮರುದನಿಯ ತಡ. ಮೇಲಿನ ಸ್ಲೈಡರ್ ಸರಿಸಿದರೆ ದೂರ ಬದಲಾಗುತ್ತದೆ. ಓದಿದ್ದನ್ನು ಮತ್ತೆ ಬರೆಯುವ ಹೆಡ್ಡಿಗೆ ಕಳಿಸಿದರೆ ಎರಡನೆಯ, ಮೂರನೆಯ ಮರುದನಿಗಳು ಬರುತ್ತವೆ. ಮಾರ್ಟಿನ್ ಇದನ್ನು ಸ್ಯಾಕ್ಸೊಫೋನಿನ ಹಾಗೆ ಸ್ವರ ಎಳೆಯಲೆಂದು ತಂದು, ತಾಳ ಹೆಣೆಯುವ ಯಂತ್ರವಾಗಿ ಮಾಡಿಕೊಂಡರು.

ಮೊದಲ ತಾಲೀಮಿನಲ್ಲಿ ಹಾಡು ನಲವತ್ತು ಸೆಕೆಂಡಿಗೆ ಕುಸಿಯಿತು. ಎರಡನೆಯ ಸಲವೂ, ಐದನೆಯ ಸಲವೂ ಹಾಗೇ. ಮೊಬೈಲಿನಲ್ಲಿ ಹಿಡಿದ ಮುದ್ರಣವನ್ನು ಎಣಿಸಿ ನೋಡಿದಾಗ, ನಿಮಿಷಕ್ಕೆ 100 ಬೀಟಿನಲ್ಲಿ ಶುರುವಾದದ್ದು ಮುಕ್ಕಾಲು ನಿಮಿಷದೊಳಗೆ 108ಕ್ಕೆ ಏರಿತ್ತು. ಪ್ರತಿ ಸಲವೂ ಏರಿಕೆಯೇ. ಇಳಿದದ್ದು ಒಮ್ಮೆಯೂ ಇಲ್ಲ. ಹೀಗೆ ಒಂದೇ ದಿಕ್ಕಿಗೆ ಜಾರುವ ತಾಳಕ್ಕೆ ಕೈಯ ಚಂಚಲತೆ ಕಾರಣವಾಗಿರುವುದಿಲ್ಲ. ಆಗ ಇದು ಯಾರಿಗೂ ಹೊಳೆಯಲಿಲ್ಲ.

ಯಂತ್ರದ ಮೇಲೆ ಮೂರು ವಾರ

ಗಿಟಾರಿನವರ ಮೊದಲ ತೀರ್ಮಾನ, ದೋಷ ಮರುದನಿ ಬರಿಸಲು ಅಲ್ಲಿಯವರೆಗೆ ಬಳಸುತ್ತಿದ್ದ ಅಗ್ಗದ ಡಿಜಿಟಲ್ ಡಿಲೇ ಪೆಡಲಿನದು, ಅಸಲಿ ಟೇಪ್ ಯಂತ್ರ ಬೇಕು ಎಂಬುದು. ಪರಿಚಿತರೊಬ್ಬರಿಂದ 1970ರ ದಶಕದ ಎಕೋಪ್ಲೆಕ್ಸ್ ಇಪಿ-3 ಎರವಲು ಬಂತು. ಅಮೆರಿಕದ ಯಂತ್ರ, 117 ವೋಲ್ಟ್, 60 ಹರ್ಟ್ಸ್. ಬ್ರಿಟನ್ನಿನ ವಿದ್ಯುತ್ತು 50 ಹರ್ಟ್ಸ್‌ನದು. ಇಳಿಕೆ ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜು ಸರಿಮಾಡಿದರು. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. ಇಂಥ ಎಸಿ ಮೋಟಾರಿನ ವೇಗ ಹೆಚ್ಚುಕಡಿಮೆ ಆವರ್ತನದ ಹಿಂದೆಯೇ ಹೋಗುವುದರಿಂದ ಟೇಪು ಆರರಲ್ಲಿ ಐದು ಪಾಲು ವೇಗದಲ್ಲಿ ಓಡಿತು, ತಡ 1.2 ಪಟ್ಟಾಯಿತು. ಬರೆಯುವುದೂ ಓದುವುದೂ ಅದೇ ನಿಧಾನದಲ್ಲಾದ್ದರಿಂದ ಶ್ರುತಿ ಬದಲಾಗಲಿಲ್ಲ. ಅದಕ್ಕೇ ಯಾರ ಕಿವಿಗೂ ಅನುಮಾನ ಬರಲಿಲ್ಲ.

ಗಿಟಾರಿನವರು ಅಮೆರಿಕದ ಬಳಕೆದಾರರು ಅಳೆದಿಟ್ಟ ಗುರುತುಗಳನ್ನೇ ಕಾಗದದ ಟೇಪಿನ ಚೂರುಗಳ ಮೇಲೆ ಬರೆದು ಸ್ಲೈಡರಿನ ಪಕ್ಕ ಅಂಟಿಸಿದ್ದರು. 450 ಮಿಲಿಸೆಕೆಂಡ್ ಎಂದಿದ್ದ ಕಡೆ ಬರುತ್ತಿದ್ದದ್ದು 540ರ ಆಸುಪಾಸು. ಬೀಟಿನ ಕಾಲುಭಾಗವನ್ನು ಒಂದು ಮಾತ್ರೆ ಎಂದುಕೊಂಡರೆ, 100ರ ನಡೆಯಲ್ಲಿ ಮಾತ್ರೆಗೆ 150 ಮಿಲಿಸೆಕೆಂಡ್. 450 ಎಂದರೆ ಸರಿಯಾಗಿ ಮೂರು ಮಾತ್ರೆ. 540 ಮೂರೂ ಅಲ್ಲ, ನಾಲ್ಕೂ ಅಲ್ಲ. ಗುರುತು ಕಿತ್ತು, ಸಮನಾಗಿ ಟಿಕ್ ಎನ್ನುವ ಮೆಟ್ರೊನೋಮ್ ಇಟ್ಟುಕೊಂಡು ಕಿವಿಯಿಂದಲೇ ಹೊಸ ಗುರುತು ಹಾಕಿಕೊಳ್ಳುವಷ್ಟರಲ್ಲಿ ಒಂದು ವಾರ ಹೋಯಿತು.

ಆಮೇಲೆ ಟೇಪು. ಹಳೆಯದಾಗಿ ಮೇಲಿನ ಸ್ವರಗಳ ಹೊಳಪು ಸತ್ತಿತ್ತು, ಓಟದಲ್ಲಿ ನಡುಕವೂ ಇತ್ತು. ಹೆಡ್ಡುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದಾಗ ಕಂದು ಪುಡಿ ಅಂಟಿಕೊಂಡು ಬಂತು. ಅದು ಟೇಪಿನಿಂದ ಉದುರಿದ ಆಕ್ಸೈಡ್. ಹೊಸ ಕಾರ್ಟ್ರಿಜ್ ಹಾಕಿದ ಮೇಲೆ ದನಿ ನಿಜಕ್ಕೂ ಸೊಗಸಾಯಿತು. ನಡುಕ ಮಾತ್ರ ಪೂರ್ತಿ ಹೋಗಲಿಲ್ಲ. ಗಿಟಾರಿಗೆ ಸ್ವರದ ಜಾಗ ತೋರಿಸುವ ಫ್ರೆಟ್ ಇದೆ, ಡಬಲ್ ಬೇಸಿಗೆ ಇಲ್ಲ. ನಡುಗುವ ಮರುದನಿಯ ಪಕ್ಕದಲ್ಲಿ ಬೇಸಿನವರು ನೀಳ ಸ್ವರ ಹಿಡಿದಾಗಲೆಲ್ಲ ಶ್ರುತಿ ಎಲ್ಲಿದೆಯೆಂದು ತಡಕಾಡಬೇಕಾಯಿತು.

ಹಾಡು ಮಾತ್ರ ಅದೇ ನಲವತ್ತು ಸೆಕೆಂಡಿಗೆ ಕುಸಿಯುತ್ತಲೇ ಇತ್ತು. ಈಗ ಚೆಂದದ ದನಿಯಲ್ಲಿ.

ಮೆಟ್ರೊನೋಮ್, ಟ್ಯಾಪ್

ಐದನೇ ವಾರ ಇಬ್ಬರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೆಟ್ರೊನೋಮ್ ಕೇಳುತ್ತ ನುಡಿಸಿದರು. ಕುಸಿಯಲಿಲ್ಲ. ಆದರೆ ಗಿಟಾರಿನವರ ಬಲಗೈ ಬಿಗಿದುಕೊಂಡಿತು. ತಂತಿಯನ್ನು ಅಂಗೈಯಿಂದ ಒತ್ತಿ ‘ಟಕ್’ ಎನಿಸುವ ಹೊಡೆತವೇ ಈ ಹಾಡಿನ ತಾಳವಾದ್ಯ, ಅದು ಮರದ ಮೇಲೆ ಮೊಳೆ ಹೊಡೆದ ಹಾಗಾಯಿತು. ಕೊನೆಯ ಭಾಗದಲ್ಲಿ ತಾಳ ಕರಗಬೇಕು, ಮೆಟ್ರೊನೋಮ್ ಕರಗುವುದಿಲ್ಲ. ಇಬ್ಬರೂ ಕಿವಿಯಿಂದ ಕಿತ್ತುಹಾಕಿದರು.

ಮತ್ತೆ ಡಿಜಿಟಲ್ ಪೆಡಲಿಗೆ ಮರಳಿದರು. ಅದರಲ್ಲಿ ಟ್ಯಾಪ್ ಸ್ವಿಚ್ ಇತ್ತು. ಕಾಲಿನಿಂದ ತಾಳಕ್ಕೆ ತಕ್ಕಂತೆ ಒತ್ತಿದರೆ ತಡ ತಾನಾಗಿ ಹೊಂದಿಕೊಳ್ಳುತ್ತದೆ. ನಡೆ ಏರಿದ ಹಾಗೆಲ್ಲ ಒತ್ತುತ್ತ ಹೋಗುವುದು ಗಿಟಾರಿನವರ ಉಪಾಯ. ಇದು ಎಲ್ಲಕ್ಕಿಂತ ಕೆಟ್ಟ ಫಲ ಕೊಟ್ಟಿತು. ಹಾಡಿನ ನಡುವೆ ತಡ ಬದಲಾದರೆ ಆಗಲೇ ಹೊರಟಿದ್ದ ಮರುದನಿಗಳು ಕೀರಲುಗುಟ್ಟಿ ಜಾರುತ್ತವೆ. ಅದಕ್ಕಿಂತ ದೊಡ್ಡ ಕೇಡೆಂದರೆ, ತಪ್ಪುತ್ತಿರುವ ನಡೆಯನ್ನೇ ಯಂತ್ರವೂ ಹಿಂಬಾಲಿಸತೊಡಗಿ ಕೋಣೆಯಲ್ಲಿ ಸ್ಥಿರವಾದದ್ದು ಒಂದೂ ಉಳಿಯಲಿಲ್ಲ.

ತಿರುವು

ಆರನೇ ವಾರದ ಶುರುವಿನಲ್ಲಿ ಬೇಸಿನವರು ಒಂದು ಬೇಡಿಕೆಯಿಟ್ಟರು: ಗಿಟಾರಿನ ನೇರ ದನಿ ತೆಗೆದುಹಾಕಿ, ಮರುದನಿಯನ್ನು ಮಾತ್ರ ಮುದ್ರಿಸಿ ಕೊಡಿ. ಆಲ್ಬಮ್ಮಿನ ಭಕ್ತರಾಗಿದ್ದರೆ ಈ ಕೋರಿಕೆ ಬರುತ್ತಿರಲಿಲ್ಲ. ಗಿಟಾರಿನವರ ಕಿವಿಯಲ್ಲಿ ನೇರ ದನಿಯೂ ಮರುದನಿಯೂ ಎಂದೋ ಬೆಸೆದುಹೋಗಿದ್ದವು.

ಬೇಸಿನವರು ಮನೆಯಲ್ಲಿ ಆ ಮುದ್ರಣ ಕೇಳುತ್ತ ಕಾಗದದ ಮೇಲೆ ಹದಿನಾರು ಮನೆ ಎಳೆದರು. ನಾಲ್ಕು ಬೀಟಿನ ಒಂದು ಆವರ್ತಕ್ಕೆ ಹದಿನಾರು ಮಾತ್ರೆ. ನಮ್ಮ ಲೆಕ್ಕದಲ್ಲಿ ಚತುರಶ್ರ ನಡೆ. ಬೀಟು ಬೀಳುವುದು 1, 5, 9, 13ನೇ ಮನೆಗಳಲ್ಲಿ. ಗಿಟಾರು ಈ ನಾಲ್ಕರಲ್ಲಷ್ಟೇ ಹೊಡೆದಿತೆನ್ನಿ. ತಡ ಮೂರು ಮಾತ್ರೆ, ಹಾಗಾಗಿ ಮೊದಲ ಮರುದನಿಗಳು 4, 8, 12, 16ರಲ್ಲಿ. ಎರಡನೆಯವು 7, 11, 15ರಲ್ಲಿ ಮತ್ತು ಮುಂದಿನ ಆವರ್ತದ 3ರಲ್ಲಿ. ಕೀರ್ತನೆಯ ನಾಲ್ಕರ ನಡೆಯೊಳಗೆ ಮೃದಂಗದವರು ಮೂರು ಮೂರರ ಜತಿ ಹೆಣೆಯುವುದನ್ನು ಕೇಳಿದವರಿಗೆ ಇದು ಹೊಸದಲ್ಲ.

ಈಗ 4, 8, 12, 16 ಎಲ್ಲಿವೆ ನೋಡಿ. ಪ್ರತಿಯೊಂದೂ ಮುಂದಿನ ಬೀಟಿಗೆ ಸರಿಯಾಗಿ ಒಂದು ಮಾತ್ರೆ ಮುಂಚೆ. ಗಟ್ಟಿಯಾಗಿ, ಕ್ರಮ ತಪ್ಪದೆ ಬರುವ ದನಿ ಅದು. ಜಾಝ್ ತಂಡದಲ್ಲಿ ಬೇಸಿನವರ ಕಿವಿ ಪಳಗಿರುವುದೇ ಕೋಣೆಯ ಅತಿ ಸ್ಥಿರವಾದ ಹೊಡೆತಕ್ಕೆ ಅಂಟಿಕೊಳ್ಳಲು. ಅವರು ಅಂಟಿಕೊಂಡದ್ದು ಮರುದನಿಗೆ. ಅದು 150 ಮಿಲಿಸೆಕೆಂಡ್ ಮುಂಚೆಯೇ ಕರೆಯುತ್ತಿತ್ತು. ಇವರು ಮುಂದೆ ವಾಲಿದಾಗ ಗಿಟಾರಿನವರೂ ಜತೆಗೂಡಲು ವಾಲುತ್ತಿದ್ದರು. ನಡೆ 108 ಮುಟ್ಟುವ ಹೊತ್ತಿಗೆ ಬೇಕಾದ ತಡ 417, ಯಂತ್ರ ಕೊಡುತ್ತಿದ್ದದ್ದು 450. ಮೊದಲ ಮರುದನಿ 33 ಮಿಲಿಸೆಕೆಂಡ್ ಹಿಂದೆ, ಎರಡನೆಯದು 66, ಮೂರನೆಯದು 100ರ ಹತ್ತಿರ. ಮೂರನೆಯದಕ್ಕೆ ಒಂದು ಮಾತ್ರೆಯ ಹೆಚ್ಚುಕಡಿಮೆ ಮುಕ್ಕಾಲು ಪಾಲು ತಪ್ಪಿದ ಮೇಲೆ ಯಾವ ಕಿವಿಗೂ ಬೀಟು ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಕುಸಿತದ ಹೊತ್ತು ಪ್ರತಿ ಸಲವೂ ಒಂದೇ ಆಗಿದ್ದದ್ದು ಇದರಿಂದ.

ಅದೇ ಕಾಗದದಿಂದ ಇನ್ನೊಂದು ಸಂಗತಿಯೂ ಹೊರಬಿತ್ತು. ಗಿಟಾರಿನವರು ಅಷ್ಟು ದಿನ ಹೊಡೆಯುತ್ತಿದ್ದದ್ದು ಬೀಟಿಗೆ ಎರಡರಂತೆ, ಅಂದರೆ ಎಲ್ಲ ಬೆಸ ಮನೆಗಳಲ್ಲಿ. ಮೂರು ಮಾತ್ರೆ ಕೂಡಿಸಿದರೆ ಮರುದನಿ ಎಲ್ಲ ಸಮ ಮನೆಗಳಲ್ಲಿ ಬೀಳುತ್ತದೆ. ಹದಿನಾರೂ ಭರ್ತಿ. ಅದರ ಮೇಲೆ ಬೇಸಿನವರು ಬೀಟಿಗೊಂದು ಸ್ವರ ನಡೆಸುತ್ತಿದ್ದರು. ಕಾಲಿಡಲು ಜಾಗವಿಲ್ಲದ ಸಂತೆಯಾಗಿತ್ತು ಅದು. ಎಲ್‌ಪಿಯಲ್ಲಿ ಅಷ್ಟು ವಾದ್ಯಗಳಿದ್ದೂ ಕೇಳುವ ಖಾಲಿತನಕ್ಕೆ ಇದಕ್ಕಿಂತ ದೂರವಾದದ್ದು ಬೇರೆ ಇರಲಾರದು. ಡ್ಯಾನಿ ಥಾಂಪ್ಸನ್ ಆ ದಾಖಲೆಯಲ್ಲಿ ಎಷ್ಟು ಬಿಡುತ್ತಾರೆ ಎಂಬುದನ್ನು ಇವರು ಮೊದಲ ಬಾರಿ ಎಣಿಸಿ ಕೇಳಿದ್ದು ಆ ವಾರ.

ಮಾಡಿಕೊಂಡ ಬದಲಾವಣೆ

ಮೊದಲ ನಿರ್ಧಾರ ಸ್ವಲ್ಪ ಮನಸ್ತಾಪಕ್ಕೂ ಕಾರಣವಾಯಿತು: ಟೇಪ್ ಯಂತ್ರ ವೇದಿಕೆಗೆ ಬರುವುದಿಲ್ಲ. ಗಿಟಾರಿನವರಿಗೆ ಅದು ಆಲ್ಬಮ್ಮಿನ ಪ್ರಾಣವೇ ಆಗಿತ್ತು. ಅವರ ಮಾತಿನಲ್ಲೂ ಹುರುಳಿದೆ. ಮಂಕಾಗುತ್ತ ಹೋಗುವ ಟೇಪಿನ ಮರುದನಿಯನ್ನು ಡಿಜಿಟಲ್ ಪೆಡಲ್ ಪೂರ್ತಿ ಕೊಡಲಾರದು. ಆದರೆ ಉಳಿದಿದ್ದ ಎರಡು ವಾರದಲ್ಲಿ ನಡುಗುವ ಶ್ರುತಿ ಮತ್ತು ಅಲುಗುವ ತಡ ಎರಡನ್ನೂ ಪಳಗಿಸಲು ಸಾಧ್ಯವಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ತೀರ್ಮಾನ ಸರಿ, ತಡವಾಗಿ ಬಂತು ಅಷ್ಟೆ.

ಎರಡನೆಯದು, ನಡೆ ಹಿಡಿಯುವವರು ಬದಲಾದರು. ಬೇಸಿನವರು ಒಬ್ಬರೇ ನಾಲ್ಕು ಆವರ್ತ ನುಡಿಸಿ ಶುರುಮಾಡುವುದು. ಅದನ್ನು ಕೇಳಿ ಗಿಟಾರಿನವರು ಪೆಡಲಿನಲ್ಲಿ ಮೊದಲೇ ಕೂಡಿಟ್ಟ ಮೂರು ತಡಗಳಲ್ಲಿ ಒಂದನ್ನು ಆರಿಸುವುದು. 96ರ ನಡೆಗೆ 469, 100ಕ್ಕೆ 450, 104ಕ್ಕೆ 433 ಮಿಲಿಸೆಕೆಂಡ್. ಲೆಕ್ಕ ಸುಲಭ: 60,000ವನ್ನು ನಿಮಿಷದ ಬೀಟಿನಿಂದ ಭಾಗಿಸಿ, ಬಂದದ್ದರ ಮುಕ್ಕಾಲು ತೆಗೆಯುವುದು. ಒಮ್ಮೆ ಆರಿಸಿದ ಮೇಲೆ ಯಂತ್ರವೇ ತಾಳ, ಇಬ್ಬರೂ ಅದಕ್ಕೆ ಬದ್ಧರು.

ಮೂರನೆಯದು ಆಂಪುಗಳ, ಅಂದರೆ ದನಿ ಹೆಚ್ಚಿಸುವ ಪೆಟ್ಟಿಗೆಗಳ ಜಾಗ. ಅಲ್ಲಿಯವರೆಗೆ ನೇರ ದನಿಯೂ ಮರುದನಿಯೂ ಒಂದೇ ಆಂಪಿನಿಂದ, ಬೇಸಿನವರಿಂದ ನಾಲ್ಕು ಮೀಟರ್ ಆಚೆಯಿಂದ ಬರುತ್ತಿದ್ದವು. ನೇರ ದನಿಗೆ ಸಣ್ಣ ಆಂಪೊಂದನ್ನು ಬೇಸಿನವರ ಎಡಗಡೆ ಒಂದೂವರೆ ಮೀಟರಿಗೆ ತಂದು ಕುರ್ಚಿಯ ಮೇಲಿಟ್ಟು ಕಿವಿಯೆತ್ತರಕ್ಕೆ ಬರಿಸಿದರು. ಮರುದನಿಯ ಆಂಪು ಆಚೆ ಬದಿಗೆ, ಮುಖ ಸಭೆಯ ಕಡೆಗೆ. ಎರಡೂವರೆ ಮೀಟರ್ ಹತ್ತಿರವಾದರೆ ದನಿ ತಲುಪುವ ಹೊತ್ತಿನಲ್ಲಿ ಉಳಿತಾಯವಾಗುವುದು ಏಳು ಮಿಲಿಸೆಕೆಂಡ್ ಮಾತ್ರ. ಮುಖ್ಯ ಲಾಭ ಅದಲ್ಲ. ಯಾವುದು ಬೀಟು, ಯಾವುದು ಮರುದನಿ ಎಂದು ದಿಕ್ಕಿನಿಂದಲೇ ಗೊತ್ತಾಗತೊಡಗಿತು.

ನಾಲ್ಕನೆಯದು, ಮರುದನಿಯಲ್ಲಿ 250 ಹರ್ಟ್ಸ್‌ಗಿಂತ ಕೆಳಗಿನದನ್ನು ಈಕ್ವಲೈಸರಿನಿಂದ ಕತ್ತರಿಸಿದರು. ಇವರ ಗಿಟಾರಿನ ಇಳಿಸಿದ ಆರನೇ ತಂತಿ, ಡಿ ಸ್ವರ, ಸುಮಾರು 73 ಹರ್ಟ್ಸ್. ಡಬಲ್ ಬೇಸ್ 41ರಿಂದ ಶುರುವಾಗುತ್ತದೆ. ಆ ದಪ್ಪ ತಂತಿಯ ಮೂರು ಮೂರು ಮರುದನಿ ಬೇಸಿನ ಮನೆಯೊಳಗೇ ಬಂದು ಕೂತರೆ ಬೇಸು ಕೇಳುವುದು ಹೇಗೆ? ಮರುದನಿಯ ಸಂಖ್ಯೆಯನ್ನೂ ಎರಡಕ್ಕೆ ಇಳಿಸಿದರು. ಅಕೌಸ್ಟಿಕ್ ಗಿಟಾರಿನ ಹೊಟ್ಟೆ ದೊಡ್ಡ ದನಿಗೆ ಹೂಂಕರಿಸುತ್ತಿದ್ದದ್ದು, ಸುಮಾರು 100 ಹರ್ಟ್ಸ್ ಹತ್ತಿರ, ದನಿರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿದ ಮೇಲೆ ನಿಂತಿತು.

ಇದೆಲ್ಲಕ್ಕಿಂತ ಕಷ್ಟವಾದದ್ದು ಬಿಡುವುದು. ಬೇಸಿನವರು ಆವರ್ತಕ್ಕೆ ಎರಡೋ ಮೂರೋ ಸ್ವರಕ್ಕೆ ಇಳಿದರು: 1ರಲ್ಲಿ ಒಂದು, ಆಮೇಲೆ 6ರಲ್ಲೋ 10ರಲ್ಲೋ, ಎರಡೇ ಮರುದನಿ ಇದ್ದಾಗ ಖಾಲಿ ಉಳಿಯುವ ಮನೆಗಳಲ್ಲಿ. ಗಿಟಾರಿನವರು ಬೀಟಿಗೆ ಒಂದು ಹೊಡೆತಕ್ಕೆ ಇಳಿದು, ತುಂಬುವ ಕೆಲಸ ಯಂತ್ರಕ್ಕೆ ಬಿಟ್ಟರು. ಇಪ್ಪತ್ತು ವರ್ಷ ಬೆರಳು ತುಂಬ ನುಡಿಸಿದ ಕೈಗೆ ಇದು ಸುಲಭವಲ್ಲ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಮತ್ತೆ ಎರಡೆರಡು ಹೊಡೆತ ನುಸುಳುತ್ತಿತ್ತು. ಕೊನೆಯ ವಾರವೆಲ್ಲ ಹೋದದ್ದು ಇದಕ್ಕೇ.

ಆ ಸಂಜೆ

ಕೋಣೆ ತುಂಬಿತ್ತು, ಹೊರಗೆ ಮಳೆ. ಒದ್ದೆ ಕೋಟುಗಳ ಹಬೆಗೆ ಡಬಲ್ ಬೇಸಿನ ಶ್ರುತಿ ಮೂರು ಸಲ ಸರಿಮಾಡಬೇಕಾಯಿತು. ‘ಡೆವಿಲ್’ ಎಲ್‌ಪಿಯ ಮೊದಲ ಬದಿಯ ಕೊನೆಯ ಹಾಡು, ಇಲ್ಲೂ ನಾಲ್ಕನೆಯದು. ಬೇಸಿನವರು ಹಿಡಿದ ನಡೆ 96ಕ್ಕೂ 100ಕ್ಕೂ ನಡುವೆ ಬಿತ್ತು. ಗಿಟಾರಿನವರು 450 ಆರಿಸಿದರು. ಮೊದಲೆರಡು ಆವರ್ತ ಮರುದನಿ ಕೂದಲೆಳೆಯಷ್ಟು ಮುಂಚೆ ಬರುತ್ತಿತ್ತು. ಬೇಸಿನವರು ಅದನ್ನು ಗುರುತಿಸಿ ನಡೆಯನ್ನು ಅಷ್ಟೇ ಬಿಗಿಮಾಡಿದರು. ನಲವತ್ತು ಸೆಕೆಂಡು ದಾಟಿತು. ಎರಡು ನಿಮಿಷ ದಾಟಿತು.

ಮೂರನೇ ನಿಮಿಷದ ಹೊತ್ತಿಗೆ ಗಿಟಾರಿನವರ ಕಾಲು ತಿಳಿಯದೆ ಟ್ಯಾಪ್ ಸ್ವಿಚ್ ಮೇಲೆ ಎರಡು ಸಲ ಬಿತ್ತು. ತಡ ಹಾರಿ, ಮರುದನಿಗಳು ಕಿರುಚಿದವು. ಬೇಸಿನವರು ತಾಳ ಹುಡುಕಲು ಹೋಗದೆ ಕಮಾನು ತೆಗೆದು ಕೆಳಗಿನ ಡಿ ಸ್ವರವನ್ನು ಎಳೆದು ಹಿಡಿದರು, ತಂಬೂರಿಯ ಹಾಗೆ. ಮರುದನಿ ಅದರ ಮೇಲೆ ಸಾಯುವವರೆಗೂ ಗಿಟಾರು ಸುಮ್ಮನಿತ್ತು. ಎಂಟು ಆವರ್ತ ಹೋಯಿತು. ಮತ್ತೆ 450ಕ್ಕೆ ಬಂದು, ಬೇಸಿನವರ ಎಣಿಕೆಯಿಂದಲೇ ಹೊರಟರು. ಕರಗುವ ಭಾಗ ತಾಲೀಮಿನಲ್ಲಿದ್ದದ್ದಕ್ಕಿಂತ ಉದ್ದವಾಯಿತು, ಕೀಬೋರ್ಡಿನವರು ಎಲ್ಲಿ ಸೇರಬೇಕೆಂದು ತಿಳಿಯದೆ ಸೇರಲೇ ಇಲ್ಲ. ಅದೂ ಒಳ್ಳೆಯದೇ ಆಯಿತು. ಮುಂದಿನ ಹಾಡು ‘ಗೋ ಡೌನ್ ಈಸಿ’ಗೆ ಬೇಕಾದದ್ದು ಗಿಟಾರು, ಬೇಸು, ದನಿ ಮೂರೇ, ಆ ಸಂಜೆಯಲ್ಲಿ ಅತಿ ಚೆನ್ನಾಗಿ ಬಂದದ್ದು ಅದು.

ಇದೇ ಹಾದಿಯಲ್ಲಿರುವವರು ಎಂಟು ವಾರದ ಕೆಲಸದ ಕ್ರಮವನ್ನು ತಿರುಗಿಸಬಹುದು. ಮರುದನಿ ಮಾತ್ರದ ಮುದ್ರಣ ಮತ್ತು ಹದಿನಾರು ಮನೆಯ ಕಾಗದಕ್ಕೆ ಬೇಕಾದದ್ದು ಒಂದು ಸಂಜೆ, ಅದು ಆರನೇ ವಾರಕ್ಕೆ ಬಂತು. ಯಂತ್ರದ ರಿಪೇರಿ ಮೂರು ವಾರ ನುಂಗಿತು. ತಾಳ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಮೊದಲು ಯಾರು ಯಾವ ದನಿಯನ್ನು ಬೀಟೆಂದು ಹಿಡಿದಿದ್ದಾರೆಂದು ಕೇಳಿ ನೋಡುವುದು. ಹಾಡಿನ ನಡುವೆ ತಡ ಬದಲಿಸುವ ಸ್ವಿಚ್ಚು ಕಾಲಿಗೆ ಸಿಗದಂತೆ ಮುಚ್ಚುವುದು. ಗಿಟಾರಿನವರು ಈಗ ಅದರ ಮೇಲೆ ಸೋಡಾ ಬಾಟಲಿಯ ಮುಚ್ಚಳ ಕವುಚಿ ದಪ್ಪ ಬಟ್ಟೆಟೇಪಿನಿಂದ ಬಿಗಿದಿದ್ದಾರೆ.

ಇಬ್ಬರೂ ಜೋಡಿಯಾಗಿ ನುಡಿಸುವುದನ್ನು ಮುಂದುವರಿಸಿದ್ದಾರೆ. 469, 450, 433 ಎಂದು ಬರೆದ ಚೀಟಿ ಈಗ ಬೇಸಿನವರ ವಾದ್ಯದ ಚೀಲದಲ್ಲಿದೆ. ಎಕೋಪ್ಲೆಕ್ಸ್ ಅದರ ಒಡೆಯರ ಮನೆ ಸೇರಿದೆ, ಹೊಸ ಕಾರ್ಟ್ರಿಜ್ ಸಮೇತ. ಸ್ಲೈಡರಿನ ಪಕ್ಕದ ಹೊಸ ಗುರುತುಗಳನ್ನು ಯಾರೂ ಕಿತ್ತಿಲ್ಲ.